ಪಕ್ಕದ ಖಾಲಿ ಜಾಗದಲ್ಲಿ ರೀಜೋನಿಂಗ್ ಬೋರ್ಡ್ ನೆಟ್ಟಿದ್ದಾರಾ? ಹೀಗೆ ಮಾಡಿ

ನಾರ್ತ್ ಕ್ಯಾರೊಲೈನಾದ ಕ್ಯಾರಿ, ಮಾರಿಸ್‌ವಿಲ್ ಕಡೆ ಮನೆ ತಗೊಂಡಿರೋ ನಮ್ಮವರಲ್ಲಿ ಯಾರಾದ್ರೂ ಒಬ್ರು ಆಗಾಗ ಕೇಳ್ತಾನೇ ಇರ್ತಾರೆ, ಹಿತ್ಲಿನ ಕಾಡು ಕಡಿದು ಏನೋ ಟಿಎನ್‌ಡಿ ಕಟ್ತಾರಂತೆ, ಏನ್ ಮಾಡೋದು ಅಂತ. ರೀಜೋನಿಂಗ್ ಬೋರ್ಡ್ ನೆಟ್ಟಿದ್ದಾರೆ ಅಂದ್ರೆ, ಆ ಜಾಗದಲ್ಲಿ ಏನು ಕಟ್ಬಹುದು ಅನ್ನೋ ನಿಯಮ ಬದಲಾಯಿಸಿ ಅಂತ ಟೌನ್‌ಗೆ ಅರ್ಜಿ ಬಂದಿದೆ ಅಂತ ಅರ್ಥ.

ಟಿಎನ್‌ಡಿ ಅಂದ್ರೆ ಟ್ರೆಡಿಷನಲ್ ನೇಬರ್‌ಹುಡ್ ಡೆವಲಪ್‌ಮೆಂಟ್, ಅಂದ್ರೆ ಹಳೇ ಊರಿನ ಥರ ಕಟ್ಟೋ ಹೊಸ ಬಡಾವಣೆ. ಮನೆ ರಸ್ತೆಗೆ ಹತ್ತಿರ, ಮುಂದೆ ಜಗಲಿ, ಗ್ಯಾರೇಜು ಹಿಂದಿನ ಗಲ್ಲಿಗೆ, ಐದು ನಿಮಿಷ ನಡೆದ್ರೆ ಅಂಗಡಿ, ಅಂಗಡಿ ಮೇಲೂ ಮನೆ. ಮಲ್ಲೇಶ್ವರ, ಬಸವನಗುಡಿಯ ಕನ್ಸರ್ವೆನ್ಸಿ ಗಲ್ಲಿಗಳಲ್ಲಿ ಆಡಿ ಬೆಳೆದವರಿಗೆ ಇದೇನ್ ಹೊಸದು ಅನ್ಸತ್ತೆ, ಆದ್ರೆ ಇಲ್ಲಿ ಇದು ಶುರುವಾಗಿದ್ದು 1980ರ ದಶಕದಲ್ಲಿ, ಫ್ಲಾರಿಡಾದ 80 ಎಕರೆಯ ಸೀಸೈಡ್ ಅನ್ನೋ ಊರಿಂದ. ಬೇಕೋ ಬೇಡ್ವೋ ಅಂತ ತೀರ್ಮಾನ ಮಾಡೋ ಮುಂಚೆ ಇದೇ ಥರ ಕಟ್ಟಿರೋ ಚ್ಯಾಪೆಲ್ ಹಿಲ್‌ನ ಸದರ್ನ್ ವಿಲೇಜ್ ಬಡಾವಣೆಗೆ ಒಂದ್ಸಲ ಹೋಗಿ ಓಡಾಡ್ಕೊಂಡು ಬನ್ನಿ, ನನಗಂತೂ ಹಿಡಿಸ್ತು.

ಮೊದಲ ಕೆಲಸ, ಬೋರ್ಡಲ್ಲಿರೋ ಕೇಸ್ ನಂಬರ್ ಫೋಟೋ ತಗೊಳ್ಳಿ. ಆ ಜಾಗಕ್ಕೆ ಅಂಟ್ಕೊಂಡಿರೋ ಮನೆಯವರಿಗೆ ಹಿಯರಿಂಗ್‌ಗೆ, ಅಂದ್ರೆ ಟೌನ್ ಕೌನ್ಸಿಲ್ ಜನರ ಅಭಿಪ್ರಾಯ ಕೇಳೋ ಸಭೆಗೆ, 10ರಿಂದ 25 ದಿನ ಮುಂಚೆ ಅಂಚೆಯಲ್ಲಿ ನೋಟೀಸ್ ಬರ್ಲೇಬೇಕು, ಎರಡು ಬೀದಿ ಆಚೆ ಇದ್ರೆ ಆ ಗ್ಯಾರಂಟಿ ಇಲ್ಲ, ಹಾಗಾಗಿ ಬೋರ್ಡೇ ಗತಿ.

ಆಮೇಲೆ ಟೌನ್‌ನ ಪ್ಲಾನಿಂಗ್ ಡಿಪಾರ್ಟ್‌ಮೆಂಟಿಂದ ಅರ್ಜಿ, ಸೈಟ್ ಪ್ಲಾನ್, ಟ್ರಾಫಿಕ್ ಸ್ಟಡಿ, ಸ್ಟಾಫ್ ರಿಪೋರ್ಟ್ ಎಲ್ಲಾ ಕೇಳಿ ತಗೊಳ್ಳಿ. ಓದೋವಾಗ ಒಂದೇ ಒಂದು ವಿಷ್ಯ ಹುಡುಕಿ: ಡೆವಲಪರ್ ತೋರಿಸೋ ಬಣ್ಣದ ಚಿತ್ರದಲ್ಲಿ ಇರೋದು, ಬರೆದುಕೊಟ್ಟಿರೋ ಷರತ್ತಲ್ಲೂ ಇದ್ಯಾ? ಚಿತ್ರದಲ್ಲಿ ಜಗಲಿ ಮೇಲೆ ಅಜ್ಜಿ ಕೂತಿರ್ತಾರೆ, ಮರ ಇರತ್ತೆ, ಕಾಫಿ ಅಂಗಡಿ ಇರತ್ತೆ, ಷರತ್ತಲ್ಲಿ ನೋಡಿದ್ರೆ ಏನೂ ಇರಲ್ಲ. ಅದೂ ಅಲ್ಲದೆ 2015ರಿಂದ ಇಲ್ಲಿನ ಕಾನೂನು ಹೇಗಿದೆ ಅಂದ್ರೆ, ಒಂದು-ಎರಡು ಕುಟುಂಬದ ಮನೆಗಳ ಜಗಲಿ ಯಾವ ಸ್ಟೈಲಲ್ಲಿ ಇರ್ಬೇಕು, ಗ್ಯಾರೇಜ್ ಬಾಗಿಲು ಎಲ್ಲಿರ್ಬೇಕು ಅಂತ ಟೌನ್ ಸಾಮಾನ್ಯವಾಗಿ ಬಲವಂತ ಮಾಡೋ ಹಾಗಿಲ್ಲ, ಜಾಗದ ಮಾಲೀಕರು ತಾವಾಗೇ ಒಪ್ಪಿದ್ರೆ ಮಾತ್ರ. ಟಿಎನ್‌ಡಿಯ ಜೀವನೇ ಅದರಲ್ಲಿರೋದು, ಆದ್ದರಿಂದ ಕಂಡಿಷನಲ್ ಜೋನಿಂಗ್ (ಷರತ್ತು ಹಾಕಿ ಮಾಡೋ ರೀಜೋನಿಂಗ್) ಆಗಿದ್ರೆ ಒಪ್ಪಿಗೆಯನ್ನ ಬರವಣಿಗೆಯಲ್ಲೇ ಕೇಳಿ. ಅಂಗಡಿ ಸಾಲು ಎಷ್ಟನೇ ಮನೆ ಮುಗಿಯೋದ್ರೊಳಗೆ ಏಳ್ಬೇಕು, ನಿಮ್ಮ ಬೇಲಿ ಪಕ್ಕ ಮರದ ಪಟ್ಟಿ ಎಷ್ಟು ಅಡಿ, ಹಿಂದಿನ ಗಲ್ಲಿ ರಿಪೇರಿ ಯಾರ ತಲೆಗೆ, ಹೀಗೆ ಲೆಕ್ಕಕ್ಕೆ ಸಿಗೋ ಥರ.

ಡೆವಲಪರ್ ಕರೆಯೋ ನೆರೆಹೊರೆಯವರ ಮೀಟಿಂಗ್ ಇದ್ರೆ ತಪ್ಪಿಸ್ಬೇಡಿ, ಷರತ್ತು ಸೇರಿಸೋಕೆ ಸುಲಭದ ಜಾಗ ಅದೇ. ಅದಾದ್ಮೇಲೆ ಪ್ಲಾನಿಂಗ್ ಬೋರ್ಡ್, ಅದು ಶಿಫಾರಸು ಮಾಡತ್ತೆ ಅಷ್ಟೇ, 30 ದಿನದಲ್ಲಿ ವರದಿ ಕೊಡದಿದ್ರೆ, ಕೊನೇ ತೀರ್ಮಾನ ಮಾಡೋ ಕೌನ್ಸಿಲ್ ಕಾಯ್ಬೇಕಾಗಿಲ್ಲ.

ಕೌನ್ಸಿಲ್ ಮೆಂಬರ್‌ಗಳಿಗೆ ಫೋನ್ ಮಾಡ್ಬಹುದಾ ಅಂತ ತುಂಬಾ ಜನ ಹೆದರ್ತಾರೆ. ರೀಜೋನಿಂಗ್ ಶಾಸನ ಮಾಡೋ ಥರದ ತೀರ್ಮಾನ, ಧಾರಾಳವಾಗಿ ಮಾತಾಡಿ. ಸ್ಪೆಷಲ್ ಯೂಸ್ ಪರ್ಮಿಟ್ (ಒಂದು ನಿರ್ದಿಷ್ಟ ಬಳಕೆಗೆ ಕೊಡೋ ವಿಶೇಷ ಅನುಮತಿ) ಆದ್ರೆ ಮಾತ್ರ ಅದು ಕೋರ್ಟ್ ಇದ್ದ ಹಾಗೆ, ಪ್ರಮಾಣ ಮಾಡಿ ಸಾಕ್ಷಿ ಹೇಳ್ಬೇಕು, ಹಿಂದಿನಿಂದ ಹೋಗಿ ಮಾತಾಡೋ ಹಾಗಿಲ್ಲ.

ಸಹಿ ಸಂಗ್ರಹ ಮಾಡೋರಿಗೆ ಒಂದು ಮಾತು. ಮುಂಚೆ ಅಕ್ಕಪಕ್ಕದವರು ಪ್ರೊಟೆಸ್ಟ್ ಪಿಟಿಷನ್ ಹಾಕಿದ್ರೆ ಕೌನ್ಸಿಲ್‌ನಲ್ಲಿ ಮುಕ್ಕಾಲು ಪಾಲು ವೋಟು ಬೇಕಾಗ್ತಿತ್ತು, 2015ರಲ್ಲಿ ಅದನ್ನ ತೆಗೆದುಹಾಕಿದ್ರು. ಈಗ ಲಿಖಿತ ಅಭಿಪ್ರಾಯನ ವೋಟಿಗೆ ಕಮ್ಮಿ ಅಂದ್ರೂ ಎರಡು ಕೆಲಸದ ದಿನ ಮುಂಚೆ ಟೌನ್ ಕ್ಲರ್ಕ್‌ಗೆ ಕೊಟ್ರೆ, ಅವರು ಕೌನ್ಸಿಲ್‌ಗೆ ತಲುಪಿಸ್ಲೇಬೇಕು.

ಹಿಯರಿಂಗ್‌ನಲ್ಲಿ ಸಿಗೋದು ಸಾಮಾನ್ಯವಾಗಿ ಮೂರು ನಿಮಿಷ. ನಾನು ಮೊದಲ ಸಲ ಹೋದಾಗ ನಮಸ್ಕಾರ, ಎಷ್ಟು ವರ್ಷದಿಂದ ಇಲ್ಲಿದೀವಿ, ಮಕ್ಕಳ ಸ್ಕೂಲು ಅಂತ ಶುರು ಮಾಡಿ ಟ್ರಾಫಿಕ್ ವಿಷ್ಯಕ್ಕೆ ಬರೋಷ್ಟ್ರಲ್ಲಿ ಗಂಟೆ ಹೊಡೀತು. ನಾಲ್ಕು ಮನೆಯವರು ಸೇರಿ ಒಬ್ಬೊಬ್ರು ಒಂದೊಂದು ಷರತ್ತು ಹಂಚ್ಕೊಳ್ಳಿ, ನಿಮ್ಮದನ್ನ ಮೊದಲ ವಾಕ್ಯದಲ್ಲೇ ಹೇಳಿ.

ಪಾಸ್ ಆದ್ಮೇಲೂ ಫೈಲ್ ಬಿಸಾಕ್ಬೇಡಿ. ಸಣ್ಣಪುಟ್ಟ ಬದಲಾವಣೆನ ಸ್ಟಾಫೇ ಓಕೆ ಮಾಡೋ ಹಾಗೆ ಟೌನ್‌ನ ನಿಯಮ ಇರಬಹುದು, ಆದ್ರೆ ಜಾಗದ ಬಳಕೆನೋ ಒಟ್ಟು ಡೆನ್ಸಿಟಿನೋ (ಎಕರೆಗೆ ಎಷ್ಟು ಮನೆ ಅನ್ನೋದು) ಬದಲಾಗೋದಾದ್ರೆ ಮತ್ತೆ ಹಿಯರಿಂಗ್ ಆಗ್ಲೇಬೇಕು, ಆಗ ಹಳೇ ಷರತ್ತಿನ ಕಾಪಿ ಕೈಯಲ್ಲಿರ್ಲಿ.