ಭಾನುವಾರದ ಶಟರ್, ಬಾಕ್ಸಿನ ತೂಕ: ನನ್ನ ಅನುಭವ

ಈ ಕ್ರಿಸ್ಮಸ್ಸಿಗೆ ನಮ್ಮ ಬೇಕರಿ ಭಾನುವಾರ ಬಾಗಿಲು ಹಾಕಲು ಶುರು ಮಾಡಿ ಏಳು ವರ್ಷ. "ಏಳು ತಿಂಗಳು ನಡೆದರೆ ನಾನು ಮೀಸೆ ಬೋಳಿಸ್ತೇನೆ ಮಾರಾಯ" ಎಂದಿದ್ದ ನಮ್ಮ ಭಾವ ಇನ್ನೂ ಮೀಸೆ ಇಟ್ಟುಕೊಂಡೇ ಓಡಾಡುತ್ತಿದ್ದಾರೆ. ಇರಲಿ. ಅಂಗಡಿಯನ್ನೂ ನಡೆಸಿ ಸಭೆಗೂ (ಚರ್ಚಿಗೂ) ಹೋಗುವ ಕೆಲವರು 'ಹೇಗೆ ಸುಧಾರಿಸಿದಿರಿ' ಎಂದು ಕೇಳುತ್ತಿರುತ್ತಾರೆ. ಅವರಿಗಾಗಿ ಇದು: ಭಯಕ್ಕೆ ಪಾಲಿಸುತ್ತಿದ್ದ ಆಜ್ಞೆಗಳನ್ನು ಪ್ರೀತಿಯಿಂದ ಪಾಲಿಸಲು ನಾನು ಕಲಿತ ಕಥೆ. ಬೈಬಲಿನ ಹತ್ತು ಆಜ್ಞೆಗಳು ಯಾವುವು ಎಂದು ಬರೆಯುವುದಿಲ್ಲ, ಸಂಡೇ ಸ್ಕೂಲಿನಲ್ಲೇ ಬಾಯಿಪಾಠ ಮಾಡಿರುತ್ತೀರಿ.

ನಮ್ಮದು ಮಂಗಳೂರಿನ ಹಳೆಯ ಬಾಸೆಲ್ ಮಿಶನ್ (ಸ್ವಿಟ್ಜರ್ಲೆಂಡಿನಿಂದ ಬಂದ ಕ್ರೈಸ್ತ ಮಿಶನ್) ಮನೆತನ. ಮಿಶನ್ನಿನವರು 1865ರಲ್ಲಿ ಇಲ್ಲಿ ಹಂಚಿನ ಕಾರ್ಖಾನೆ ಹಾಕಿದರಲ್ಲ, ಮುಂದೆ ನಮ್ಮ ಅಜ್ಜನೂ ಅಲ್ಲೇ ಮಣ್ಣು ಹದ ಮಾಡುತ್ತಿದ್ದರಂತೆ. ಮನೆಯಲ್ಲಿ ಭಾನುವಾರ ಬಟ್ಟೆ ಒಗೆಯುವ ಹಾಗಿಲ್ಲ, ಸೂಜಿ ಹಿಡಿಯುವ ಹಾಗಿಲ್ಲ. ಬೇಕರಿ ಇಟ್ಟ ಮೇಲೆ ನಾನು ಅದನ್ನೆಲ್ಲ ಗಾಳಿಗೆ ತೂರಿದ್ದೆ. ಬಾಕಿ ದಿನ ಐದಾರು ಸಾವಿರ ವ್ಯಾಪಾರ ಆದರೆ ಭಾನುವಾರ ಒಂಬತ್ತು, ಹತ್ತು. ಯಾರು ಬಿಡುತ್ತಾರೆ?

ಅಷ್ಟರಲ್ಲಿ ಅಪ್ಪನಿಗೆ ಲಕ್ವ ಹೊಡೆಯಿತು. ನಾನು ಹೆದರಿಹೋದೆ. ದೇವರ ಸಿಟ್ಟೇ ಇದು ಎಂದುಕೊಂಡು ಮರುವಾರವೇ ಶಟರ್ ಎಳೆದೆ.

ಮೊದಲ ಎರಡು ವರ್ಷದ ಕಥೆ ಹೇಳಲು ನಾಚಿಕೆ. ಮುಂದಿನ ಶಟರ್ ಮುಚ್ಚಿತ್ತು, ಹಿಂದಿನ ಬಾಗಿಲು ತೆರೆದೇ ಇತ್ತು. ನಾನು ಆರಾಧನೆಯಲ್ಲಿ ಕೂತಿದ್ದರೆ ಹುಡುಗರು ಒಳಗೆ ಟ್ರೇ ಉಜ್ಜುತ್ತಿದ್ದರು, ಸೋಮವಾರದ ರಸ್ಕ್ ಕತ್ತರಿಸುತ್ತಿದ್ದರು. ನಮ್ಮದು ಸೌದೆ ಓವನ್. ಒಂದು ದಿನ ಆರಿದರೆ ಮರುದಿನ ಕಾಯಿಸಲು ಒಂದೂವರೆ ಪಾಲು ಸೌದೆ ಬೇಕು. ತಿಂಗಳಿಗೆ ಒಟ್ಟು ಎಂಟೊಂಬತ್ತು ಸಾವಿರ ಲಾಭ ಖೋತಾ. ಪಾದ್ರಿಗಳ ಪ್ರಸಂಗ ಕೇಳುತ್ತಾ ನಾನು ಮನಸ್ಸಿನಲ್ಲಿ ಇದನ್ನೇ ಕೂಡಿಸುತ್ತಿದ್ದೆ. ದೇವರ ಹೆಸರಲ್ಲಿ ಒಂದು ಸಾಲದ ಪುಸ್ತಕ ಇಟ್ಟ ಹಾಗೆ. ಅಪ್ಪನ ಕೈ ಸರಿ ಹೋಗಲಿಲ್ಲ, ವ್ಯಾಪಾರವೂ ಏರಲಿಲ್ಲ. ಮನೆಗೆ ಬಂದು ಹೆಂಡತಿಯ ಮೇಲೆ ರೇಗುತ್ತಿದ್ದೆ. "ನೀವು ಅಂಗಡಿ ತೆರೆದಿದ್ದಾಗಲೇ ಮನೆ ನೆಮ್ಮದಿಯಾಗಿತ್ತು" ಎಂದಳು ಒಂದು ದಿನ.

ದಾರಿ ಸಿಕ್ಕಿದ್ದು ಎಲ್ಲೋ ಅಲ್ಲ, ತಕ್ಕಡಿಯಲ್ಲಿ.

ಕ್ರಿಸ್ಮಸ್ಸಿನ ತಿಂಡಿಗಳಾದ ಕುಸ್ವಾರ್ ತೂಗುವಾಗ ಬಾಕ್ಸ್ ಸಮೇತ ತೂಗುವುದು ನಮ್ಮ ಲೈನಿನಲ್ಲಿ ಎಷ್ಟು ಮಾಮೂಲಿ ಎಂದು ನಿಮಗೆ ಗೊತ್ತು. ಕಾನೂನಿಗೂ ತಪ್ಪು, ಬೈಬಲಿನ ಯಾಜಕಕಾಂಡಕ್ಕೂ ತಪ್ಪು. ತನಿಖೆಗೆ ಬರುತ್ತಾರೆ ಎಂಬ ಸುದ್ದಿ ಬಂದ ದಿನ ಮಾತ್ರ ನಾನು ಖಾಲಿ ಬಾಕ್ಸಿನ ತೂಕ ಕಳೆದು ತಕ್ಕಡಿಯನ್ನು ಸೊನ್ನೆಗೆ ತರುವ ಟೇರ್ ಬಟನ್ ಒತ್ತುತ್ತಿದ್ದೆ. ಆ ವರ್ಷ ಹೊಸದಾಗಿ ಸೇರಿದ್ದ ಬಾಗಲಕೋಟೆ ಕಡೆಯ ಹುಡುಗ ಕೇಳಿದ, "ಅಣ್ಣಾ, ಆ ಟೀಚರಮ್ಮ ಬಂದ್ರೆ ಮಾತ್ರ ಯಾಕ ಸೊನ್ನಿ ಮಾಡ್ತೀರಿ?" ಅವರು ನನಗೆ ಮೂರನೇ ಕ್ಲಾಸಿನಲ್ಲಿ ಪಾಠ ಹೇಳಿದವರು. ಅವರಿಗೆ ಟೇರ್ ಒತ್ತುತ್ತಿದ್ದೇನೆ ಎಂದು ನನಗೇ ಗೊತ್ತಿರಲಿಲ್ಲ. ಯಾವ ವಚನವೂ ನೆನಪಾಗುತ್ತಿರಲಿಲ್ಲ, ಅವರ ಮೇಲಿನ ಪ್ರೀತಿಗೆ ಕೈ ತಾನಾಗಿ ಹೋಗುತ್ತಿತ್ತು.

ಆ ರಾತ್ರಿ ಲೆಕ್ಕ ಹಾಕಿದೆ. ಕಿಲೋ ಬಾಕ್ಸಿನ ಖಾಲಿ ತೂಕ ಸುಮಾರು 90 ಗ್ರಾಂ. ಕುಸ್ವಾರ್ ಆಗ ಕಿಲೋಗೆ 500. ಹನ್ನೆರಡು ರೂಪಾಯಿಯ ಬಾಕ್ಸನ್ನು 45 ರೂಪಾಯಿಗೆ ಮಾರುತ್ತಿದ್ದೆ! 400 ಬಾಕ್ಸಿಗೆ 18 ಸಾವಿರ. ಮರುದಿನದಿಂದ ಎಲ್ಲರಿಗೂ ಟೇರ್. ರೇಟು ಏರಿಸದೆ ಅದರಲ್ಲಿ ಅರ್ಧದಷ್ಟು ದುಡ್ಡನ್ನು ಬೇರೆ ಕಡೆಯಿಂದ ಹೇಗೆ ಉಳಿಸಿದೆ ಎಂಬುದನ್ನು ಇಲ್ಲಿ ಹೇಳುವುದಿಲ್ಲ. ಎದುರು ಬೇಕರಿಯವರೂ ಓದುತ್ತಾರೆ.

ಆಮೇಲೆ ಪ್ರತಿ ಆಜ್ಞೆಯ ಹಿಂದೆ ಯಾರಿದ್ದಾರೆ ಎಂದು ಹುಡುಕತೊಡಗಿದೆ. ಸಬ್ಬತ್ತಿನ, ಅಂದರೆ ವಾರದ ವಿಶ್ರಾಂತಿ ದಿನದ ಆಜ್ಞೆ ಬೈಬಲಿನ ವಿಮೋಚನಕಾಂಡದಲ್ಲೂ ಇದೆ, ಧರ್ಮೋಪದೇಶಕಾಂಡದಲ್ಲೂ ಇದೆ. ಮೊದಲನೆಯದರಲ್ಲಿ ಕಾರಣ ಸೃಷ್ಟಿ. ಎರಡನೆಯದರಲ್ಲಿ, ನೀವೂ ಐಗುಪ್ತದಲ್ಲಿ (ಈಜಿಪ್ಟಿನಲ್ಲಿ) ದಾಸರಾಗಿದ್ದಿರಿ, ನಿಮ್ಮ ಆಳುಗಳಿಗೂ ನಿಮ್ಮ ಹಾಗೆಯೇ ವಿಶ್ರಾಂತಿ ಇರಲಿ ಎಂದಿದೆ. ನಲವತ್ತು ವರ್ಷ ಕೇಳಿದ್ದ ಮಾತು. ಟ್ರೇ ಉಜ್ಜುವ ಹುಡುಗರು ಅದರಲ್ಲಿ ಇದ್ದಾರೆ ಎಂದು ಹೊಳೆದದ್ದು ಆಗ. ಹಿಂದಿನ ಬಾಗಿಲಿಗೂ ಬೀಗ ಹಾಕಿದೆ, ರಜೆಯ ಸಂಬಳ ಹಿಡಿಯದೆ. ಮೊದಲ ಭಾನುವಾರ ಮೂವರೂ ಮಧ್ಯಾಹ್ನ ಮೂರರವರೆಗೆ ಮಲಗಿದ್ದರು. ಜ್ವರ ಬಂತೇನೋ ಎಂದು ನಾನು ಬಾಗಿಲು ಬಡಿದು ಎಬ್ಬಿಸಿ ಬೈಸಿಕೊಂಡೆ. ಆ ಖೋತಾ ಲೆಕ್ಕ ಆಮೇಲೆ ಆರಾಧನೆಯಲ್ಲಿ ನೆನಪಿಗೆ ಬಂದದ್ದು ಕಡಿಮೆ. ಖೋತಾ ಮಾತ್ರ ಈಗಲೂ ಇದೆ. ದೇವರು ಇನ್ನೊಂದು ಕಡೆಯಿಂದ ಕೊಟ್ಟಿರಬೇಕಲ್ಲ ಎಂದು ಕೇಳುವವರಿಗೆ ನಾನು ಬ್ಯಾಂಕ್ ಪಾಸ್‌ಬುಕ್ ತೋರಿಸುತ್ತೇನೆ.

ನಡುವೆ ಒಂದು ಹುಚ್ಚು ಪ್ರಯೋಗವನ್ನೂ ಮಾಡಿದೆ. ದಶಮಾಂಶವನ್ನು, ಅಂದರೆ ಸಭೆಗೆ ಕೊಡುವ ಆದಾಯದ ಹತ್ತನೇ ಒಂದು ಪಾಲನ್ನು, ಮೂರು ತಿಂಗಳು ಕೊಡುವುದಿಲ್ಲವೆಂದು ಬೇಕೆಂದೇ ನಿಲ್ಲಿಸಿದೆ, ಕೊಡದಿದ್ದರೆ ಏನನ್ನಿಸುತ್ತದೆ ನೋಡೋಣ ಎಂದು. ನಮ್ಮ ಸಭಾಪಾಲಕರಿಗೆ (ಪಾದ್ರಿಗಳಿಗೆ) ಇದು ಸ್ವಲ್ಪವೂ ಹಿಡಿಸಲಿಲ್ಲ. "ದೇವರ ಜೊತೆ ಇದೆಂಥ ಆಟ?" ಎಂದರು. ಮೊದಲ ತಿಂಗಳು ಖುಷಿಯಾಯಿತು, ಸುಳ್ಳು ಹೇಳುವುದಿಲ್ಲ. ಎರಡನೇ ತಿಂಗಳು ಕಾಣಿಕೆ ಚೀಲ ಮುಂದೆ ಬಂದಾಗ, ತಂಗಿಯ ಮದುವೆಗೆ ಬರಿಗೈಲಿ ಹೋದ ಹಾಗೆ ಅನ್ನಿಸಿತು. ಮೂರನೇ ತಿಂಗಳು ಮುಗಿಯುವ ಮೊದಲೇ ಮತ್ತೆ ಶುರು ಮಾಡಿದೆ. ಮೊದಲು ಪೈಸೆ ಲೆಕ್ಕ ಹಾಕಿ 3,940 ಎಂದು ಕವರಿನ ಮೇಲೆ ಬರೆಯುತ್ತಿದ್ದೆ. ಈಗ ಬರೆಯುವುದಿಲ್ಲ. ಎಲ್ಲರೂ ಹೀಗೆ ಮಾಡಿ ಎನ್ನುವುದಿಲ್ಲ, ನನ್ನಂಥ ಮೊಂಡನಿಗೆ ಬೇಕಿತ್ತು. ಶುಕ್ರವಾರದ ಉಪವಾಸವನ್ನೂ ಹಿಡಿದಿದ್ದೆ. ಬಿಸಿ ಬ್ರೆಡ್ಡಿನ ವಾಸನೆಯ ಮಧ್ಯೆ ಅದು ಆಗದ ಕೆಲಸ. ಗಿರಾಕಿಗಳ ಜೊತೆ ಜಗಳವೇ ಜಾಸ್ತಿಯಾಯಿತು, ಬಿಟ್ಟೆ.

"ನಿನಗೆ ಪ್ರೀತಿ ಬರುವವರೆಗೆ ದೇವರು ಕಾಯಬೇಕಾ? ಮೊದಲು ಆಜ್ಞೆ ಪಾಲಿಸು, ಪ್ರೀತಿ ಆಮೇಲೆ ಬರ್ತದೆ" ಎಂದು ಭಾವ ಈಗಲೂ ವಾದ ಮಾಡುತ್ತಾರೆ. ಅವರ ಮಾತನ್ನು ತೆಗೆದುಹಾಕುವಂತಿಲ್ಲ. ಭಯದಲ್ಲಿ ಎಳೆದ ಆ ಶಟರ್ ಇಲ್ಲದಿದ್ದರೆ ಉಳಿದದ್ದೂ ಆಗುತ್ತಿರಲಿಲ್ಲವೇನೋ. ಆದರೆ ನನ್ನ ಎರಡು ವರ್ಷದ ಮುಖ ನೋಡಿದವಳು ನನ್ನ ಹೆಂಡತಿ. ಅವಳು ನನ್ನ ಪಕ್ಷ.

ಕೊನೆಯ ಆಜ್ಞೆ ಒಂದು ಬಾಕಿ ಇದೆ, ನೆರೆಯವನದಕ್ಕೆ ಆಸೆಪಡಬೇಡ ಎನ್ನುವುದು. ಎದುರು ಬೇಕರಿಯವರು ಹೋದ ತಿಂಗಳು ಹೊಸ ರೋಟರಿ ಓವನ್ ತರಿಸಿದರು. ಲಾರಿಯಿಂದ ಇಳಿಸುವಾಗ ಒಂದು ಕೈ ಹಿಡಿಯಲು ಹೋದವನು ಅರ್ಧ ಗಂಟೆ ಅದರ ಬಾಗಿಲು ತೆಗೆದು ಮುಚ್ಚಿ ನೋಡುತ್ತಾ ನಿಂತಿದ್ದೆ.