ಬರೆಗೆ ಮೊದಲು ಚರಂಡಿ, ಆಮೇಲೆ ಗೋಡೆ

ಮನೆ ಹಿಂದೆ ಬರೆ, ಅಂದರೆ ಗುಡ್ಡ ಕಡಿದಾಗ ಉಳಿಯುವ ಕಡಿದಾದ ಮಣ್ಣಿನ ದಿಬ್ಬ, ಇರುವವರಿಗೆ ಕಕ್ಕಡದ (ಜುಲೈ-ಆಗಸ್ಟ್) ಮಳೆ ಹಿಡಿಯಿತೆಂದರೆ ನಿದ್ದೆ ಬರುವುದಿಲ್ಲ. ಕೊಡಗಿನಲ್ಲಿ 2018ರಲ್ಲಿ ಮಕ್ಕಂದೂರು, ಜೋಡುಪಾಲ, 2019ರಲ್ಲಿ ತೋರ, 2020ರಲ್ಲಿ ತಲಕಾವೇರಿ ಕಂಡಂಥ ಕುಸಿತವನ್ನು ಒಂದು ಮನೆಯವರು ತಡೆಯಲಾಗದು. ಆದರೆ ಮನೆ ಕಟ್ಟಲೆಂದು ನಾವೇ ಕಡಿದ ಹತ್ತು ಹದಿನೈದು ಅಡಿಯ ಬರೆಯನ್ನು ಬೇಸಿಗೆಯಲ್ಲೇ ಭದ್ರ ಮಾಡಿಕೊಳ್ಳಬಹುದು.

ಮೊದಲು ಬರೆಯ ಮೇಲೆ ಹತ್ತಿ, ನೀರು ಎಲ್ಲಿಂದ ಬರುತ್ತದೆ ನೋಡಿ. ತೋಟಕ್ಕೆ ಮಳೆನೀರು ಇಂಗಿಸುವ ತೊಟ್ಟಿಲು ಗುಂಡಿ ಒಳ್ಳೆಯದೇ, ಆದರೆ ಬರೆಯ ಅಂಚಿನಲ್ಲಿದ್ದರೆ ಮುಚ್ಚಿಬಿಡಿ. ಅಲ್ಲಿ ಇಂಗಿದ ನೀರು ಮಣ್ಣಿನ ತೂಕ ಹೆಚ್ಚಿಸಿ, ಅದರ ಹಿಡಿತ ಸಡಿಲಿಸುತ್ತದೆ. ಅಂಚಿನಿಂದ ಒಂದೆರಡು ಮೀಟರ್ ಹಿಂದಕ್ಕೆ, ಬರೆಯ ಉದ್ದಕ್ಕೂ ಚರಂಡಿ ತೆಗೆಯಿರಿ. ತಳಕ್ಕೆ ಕಾಂಕ್ರೀಟ್ ಹಾಕಿ, ಇಲ್ಲವಾದರೆ ಚರಂಡಿಯೇ ನೀರು ಕುಡಿಸುತ್ತದೆ. ನೀರು ಪಕ್ಕದ ಮನೆಯ ಬರೆಗಲ್ಲ, ತೋಡಿಗೆ ಸೇರಬೇಕು.

ಬರೆ ನೆಟ್ಟಗೆ ಗೋಡೆಯಂತಿದ್ದರೆ, ಜಾಗ ಇದ್ದಷ್ಟೂ ಮೆಟ್ಟಿಲು ಮೆಟ್ಟಿಲಾಗಿ ಇಳಿಜಾರು ಮಾಡಿಸಿ. ಮೇಲಿನಿಂದ ಕೆಳಕ್ಕೆ ಕೆಲಸ ಸಾಗಲಿ. ಜೆಸಿಬಿಯಲ್ಲಿ ಬುಡ ಬಗೆಯಬಾರದು.

ತಡೆಗೋಡೆಯ ಸರದಿ ಇದಾದ ಮೇಲೆ. ನಮ್ಮ ಮನೆಯ ಹಿಂದಿನ ಗೋಡೆಗೆ ನೀರು ಹೊರಹೋಗಲು ಒಂದೇ ಒಂದು ಪೈಪ್ ಇಟ್ಟಿರಲಿಲ್ಲ. ಎರಡನೇ ಮಳೆಗಾಲಕ್ಕೆ ನಡು ಉಬ್ಬಿತು, ಕಲ್ಲಿನ ಸಂದಿಯಿಂದ ಕೆಂಪು ನೀರು ಚಿಮ್ಮತೊಡಗಿತು. 3 ಮೀಟರ್ ಎತ್ತರದ ಗೋಡೆಯ ಹಿಂದೆ ನೀರು ತುಂಬಿ ನಿಂತರೆ, ಪ್ರತಿ ಮೀಟರ್ ಉದ್ದಕ್ಕೆ ನೀರೊಂದೇ ಸುಮಾರು 4.5 ಟನ್ ಬಲದಿಂದ ನೂಕುತ್ತದೆ. ಮಣ್ಣಿನ ಒತ್ತಡ ಬೇರೆ. ಅದಕ್ಕೇ ಒಂದರಿಂದ ಒಂದೂವರೆ ಮೀಟರಿಗೊಂದು ಪೈಪ್ ಕೂರಿಸಿ, ಹೊರಕ್ಕೆ ಸ್ವಲ್ಪ ಇಳಿಜಾರಿರಲಿ. ಹಿಂದೆ ಜಲ್ಲಿ ತುಂಬಿ, ಜಲ್ಲಿ ಮತ್ತು ಮಣ್ಣಿನ ನಡುವೆ ನೀರು ಬಿಟ್ಟು ಮಣ್ಣನ್ನು ತಡೆಯುವ ಜಿಯೋಟೆಕ್ಸ್‌ಟೈಲ್ ಬಟ್ಟೆ ಹಾಸಿದರೆ ಪೈಪ್ ಕಟ್ಟಿಕೊಳ್ಳುವುದಿಲ್ಲ. ತಂತಿಬಲೆಯೊಳಗೆ ಕಲ್ಲು ಪೇರಿಸುವ ಗೇಬಿಯನ್ ಗೋಡೆಯಾದರೆ ನೀರು ತಾನೇ ಹೊರಬರುತ್ತದೆ. ಎತ್ತರದ ಬರೆಗೆ ಮಾತ್ರ ಎಂಜಿನಿಯರ್ ಲೆಕ್ಕ ಹಾಕಲೇಬೇಕು. ಉಕ್ಕಿನ ಸರಳುಗಳನ್ನು ಬರೆಯೊಳಕ್ಕೆ ಇಳಿಸುವ ಸಾಯಿಲ್ ನೇಲಿಂಗ್ ಕೂಡ ಅವರದೇ ಕೆಲಸ.

ಬಿಸಿಲು ಬೀಳುವ ಕಡೆ, ಮೊದಲ ಮಳೆಗೆ ಲಾವಂಚ ನೆಡಿ. ಗೇಣಿಗಿಂತ ಹತ್ತಿರವಾಗಿ, ಅಡ್ಡಸಾಲಿನಲ್ಲಿ. ಅದರ ಬೇರು ಎರಡು ಮೂರು ಮೀಟರ್ ಇಳಿದು ಮೇಲ್ಮಣ್ಣನ್ನು ಹಿಡಿಯುತ್ತದೆ. ಅದಕ್ಕಿಂತ ಆಳದಿಂದ ಜಾರುವ ಗುಡ್ಡಕ್ಕೆ ಅದು ಸಾಲದು.

ಮಳೆಗಾಲದಲ್ಲಿ ದಿನಾ ಒಮ್ಮೆ ಬರೆಯ ಮೇಲೆ ಕಣ್ಣಾಡಿಸಿ, ಚರಂಡಿಯ ತರಗೆಲೆ ತೆಗೆಯಿರಿ. ನೆಲದಲ್ಲಿ ಹೊಸ ಬಿರುಕು, ವಾಲಿದ ಮರ, ದಿಢೀರನೆ ಕದಡಿದ ಅಥವಾ ನಿಂತುಹೋದ ಒರತೆ, ಮುಚ್ಚಲಾಗದೆ ಬಿಗಿದ ಬಾಗಿಲು: ಇವುಗಳಲ್ಲಿ ಒಂದು ಕಂಡರೂ, ರಾತ್ರಿಯಾಗಿದ್ದರೂ, ಮಕ್ಕಳು ಹಿರಿಯರನ್ನು ಕರೆದುಕೊಂಡು ಹೊರಟುಬಿಡಿ.