ಗ್ನೋಮ್ 48: ಒಂದೂವರೆ ನಿಮಿಷದ ವಿಡಿಯೊಗೆ ಮಾಡಿಕೊಂಡ ತಯಾರಿ

ಗ್ನೋಮ್ ಅಂದರೆ ಲಿನಕ್ಸ್ ಕಂಪ್ಯೂಟರಿನಲ್ಲಿ ಕಣ್ಣಿಗೆ ಕಾಣುವ ಪರದೆ, ಮೆನು, ಕಿಟಕಿಗಳನ್ನು ಒದಗಿಸುವ ಡೆಸ್ಕ್‌ಟಾಪ್ ತಂತ್ರಾಂಶ. ಅದರ ಹೊಸ ಆವೃತ್ತಿ ವರ್ಷಕ್ಕೆರಡು ಸಲ ಬರುತ್ತದೆ, ಮಾರ್ಚ್‌ನಲ್ಲೊಂದು, ಸೆಪ್ಟೆಂಬರ್‌ನಲ್ಲೊಂದು. ಗ್ನೋಮ್‌ನ ಸಮ್ಮೇಳನ ನಡೆಸಿಕೊಟ್ಟವರ ಗೌರವಕ್ಕೆ ಆ ಊರಿನ ಹೆಸರನ್ನೇ ಆವೃತ್ತಿಗೆ ಇಡುವ ರೂಢಿ ಇದೆ. 2024ರ ಡಿಸೆಂಬರ್‌ನಲ್ಲಿ ಗ್ನೋಮ್ ಏಷ್ಯಾ ಸಮ್ಮೇಳನ ನಡೆದದ್ದು ಬೆಂಗಳೂರಿನಲ್ಲಿ. ಹಾಗಾಗಿ 2025ರ ಮಾರ್ಚ್ 19ಕ್ಕೆ ಬಂದ ಗ್ನೋಮ್ 48ರ ಹೆಸರು ‘ಬೆಂಗಳೂರು’. ಇಷ್ಟಾದ ಮೇಲೂ ಕನ್ನಡದಲ್ಲಿ ಒಂದು ಪುಟ್ಟ ವಿಡಿಯೊ ಇಲ್ಲ ಅಂದ್ರೆ ಹೇಗೆ? ಯಾರೂ ಹೇಳಿರಲಿಲ್ಲ, ಕೇಳಿರಲಿಲ್ಲ. ನನ್ನದೇ ಉಸಾಬರಿ ಅಂತ ಶುರು ಮಾಡಿದೆ.

ಮೊದಲು ತೀರ್ಮಾನ ಮಾಡಿದ್ದು ಯಾರಿಗೆ ಅಂತ. ಲಿನಕ್ಸ್ ಸುದ್ದಿ ದಿನಾ ಓದುವವರಿಗೆ ನನ್ನ ವಿಡಿಯೊ ಬೇಕಿಲ್ಲ, ಅವರು ನನಗಿಂತ ಮುಂಚೆ ಎಲ್ಲ ತಿಳಿದಿರುತ್ತಾರೆ. ನನ್ನ ಕಣ್ಣೆದುರು ಇದ್ದವರು ಶಾಲೆಯ ಲ್ಯಾಬ್ ನೋಡಿಕೊಳ್ಳುವ ಮೇಷ್ಟ್ರು, ಡಿಪ್ಲೊಮಾ ಓದುವ ಹುಡುಗರು. ಹೆಚ್ಚಿನವರ ಹತ್ತಿರ ಆಗ ಇದ್ದದ್ದು ಉಬುಂಟು ಅನ್ನೋ ಲಿನಕ್ಸ್‌ನ 24.04 ಆವೃತ್ತಿ, ಅಂದರೆ ಗ್ನೋಮ್ 46. ಅವರು ವಿಡಿಯೊ ನೋಡೋದು ಫೋನಿನಲ್ಲಿ, ಅದೂ ಸೌಂಡ್ ಕಮ್ಮಿ ಇಟ್ಟುಕೊಂಡು. ಮುಂದಿನ ಎಲ್ಲ ತೀರ್ಮಾನಗಳೂ ಇದರಿಂದಲೇ ಬಂದವು.

ಆಮೇಲೆ ಹೊಸ ಸೌಲಭ್ಯಗಳ ಪಟ್ಟಿ ಹಿಡಿದು ಕೂತೆ. ಪ್ರತಿಯೊಂದಕ್ಕೂ ಒಂದೇ ಪ್ರಶ್ನೆ: ಇದು ಐದು ಸೆಕೆಂಡಿನಲ್ಲಿ ಫೋನಿನ ಪರದೆ ಮೇಲೆ ಕಾಣುತ್ತಾ? ಕಾಣದಿದ್ದರೆ ಹೊರಗೆ. ತಮಾಷೆ ಏನೆಂದರೆ, ಮೊದಲು ಹೊರಬಿದ್ದವು ದೊಡ್ಡ ದೊಡ್ಡ ಕೆಲಸಗಳೇ. ಬೆಳಕು, ಬಣ್ಣಗಳನ್ನು ಇನ್ನೂ ಹೆಚ್ಚು ವ್ಯಾಪ್ತಿಯಲ್ಲಿ ತೋರಿಸುವ ಎಚ್‌ಡಿಆರ್ ಬೆಂಬಲವನ್ನು ಮಾಮೂಲಿ ವಿಡಿಯೊದಲ್ಲಿ ತೋರಿಸೋಕೆ ಆಗೋದೇ ಇಲ್ಲ. ಟ್ರಿಪಲ್ ಬಫರಿಂಗ್ ಅಂತೂ 2020ರಿಂದ ಚರ್ಚೆ, ತಿದ್ದುಪಡಿ ಎಲ್ಲ ಆಗಿ ಈ ಆವೃತ್ತಿಗೆ ಸೇರಿದ್ದು. ಗ್ರಾಫಿಕ್ಸ್ ಚಿಪ್ ಹಿಂದೆ ಬಿದ್ದಾಗ ಇನ್ನೊಂದು ಫ್ರೇಮನ್ನು ಮುಂಚೆಯೇ ಸಿದ್ಧ ಮಾಡಿಟ್ಟು, ಪರದೆ ತಡವರಿಸದಂತೆ ನೋಡಿಕೊಳ್ಳುತ್ತದೆ. ಹಳೇ ಲ್ಯಾಪ್‌ಟಾಪ್‌ನವರಿಗೆ ನಿಜವಾದ ಲಾಭ ಇದೇ. ಆದರೆ ಸೆಕೆಂಡಿಗೆ 30 ಫ್ರೇಮಿನ ವಿಡಿಯೊದಲ್ಲಿ ಹಳೆಯದೂ ಹೊಸದೂ ಹೆಚ್ಚುಕಮ್ಮಿ ಒಂದೇ ಥರ ಕಾಣುತ್ತೆ. ಅದನ್ನು ಒಂದು ಮಾತಿನಲ್ಲಿ ಹೇಳಿ ಮುಂದೆ ಹೋದೆ. ಹೊಸ ಅದ್ವೈತ ಫಾಂಟ್‌ಗಳನ್ನೂ ಬಿಟ್ಟೆ. ಅವುಗಳಲ್ಲಿ ಕನ್ನಡ ಅಕ್ಷರಗಳಿಲ್ಲ, ಕನ್ನಡ ಬೇರೆ ಫಾಂಟಿನಲ್ಲೇ ಮೂಡುತ್ತೆ. ಕನ್ನಡದ ವಿಡಿಯೊದಲ್ಲಿ ಅದನ್ನು ಹೊಗಳಿ ಏನು ಪ್ರಯೋಜನ?

ಕೊನೆಗೆ ಉಳಿದದ್ದು ನಾಲ್ಕು. ಒಂದೇ ಆ್ಯಪ್‌ನ ನೋಟಿಫಿಕೇಶನ್‌ಗಳು ಗುಂಪಾಗಿ ಕೂರುವುದು, ಪರದೆ ನೋಡಿದ ಹೊತ್ತಿನ ಲೆಕ್ಕ ಇಡುವ ಡಿಜಿಟಲ್ ವೆಲ್‌ಬೀಯಿಂಗ್, ಬ್ಯಾಟರಿ ಬಾಳಿಕೆಗೆ ಚಾರ್ಜನ್ನು ಸುಮಾರು ಶೇ. 80ಕ್ಕೆ ನಿಲ್ಲಿಸುವ ಆಯ್ಕೆ, ಇಮೇಜ್ ವ್ಯೂವರ್‌ನಲ್ಲೇ ಫೋಟೊ ಕತ್ತರಿಸಿ ತಿರುಗಿಸುವ ಅನುಕೂಲ.

ರೆಕಾರ್ಡಿಂಗ್ ಯಾವಾಗ ಅನ್ನೋದು ನಮ್ಮ ಕೈಲಿಲ್ಲ, ಗ್ನೋಮ್‌ನ ವೇಳಾಪಟ್ಟಿ ಹೇಳಿದಂತೆ. ಬೀಟಾ, ಅಂದರೆ ಪರೀಕ್ಷೆಗೆ ಬಿಡುವ ಪ್ರತಿ, ಬರುವುದು ಫೆಬ್ರವರಿ ಆರಂಭದಲ್ಲಿ. ಅಲ್ಲಿಂದ ಪರದೆಯ ವಿನ್ಯಾಸ ಬದಲಿಸುವಂತಿಲ್ಲ. ಮಾರ್ಚ್ ಆರಂಭದಲ್ಲಿ ಆರ್‌ಸಿ, ಅಂದರೆ ಬಿಡುಗಡೆಗೆ ಹೆಚ್ಚುಕಮ್ಮಿ ಸಿದ್ಧವಾದ ಪ್ರತಿ. ಆಗ ಪರದೆ ಮೇಲಿನ ಪದಗಳೂ ಗಟ್ಟಿಯಾಗುತ್ತವೆ. ಬೀಟಾ ಬಂದಾಗ ಸ್ಕ್ರಿಪ್ಟ್ ಬರೆದೆ, ಆರ್‌ಸಿ ಬಂದ ಮೇಲೆ ರೆಕಾರ್ಡ್ ಮಾಡಿದೆ. ಅದಕ್ಕೂ ಮುಂಚೆ ಮಾಡಿದರೆ ಯಾವುದೋ ಬಟನ್ ಜಾಗ ಬದಲಾಗಿ ಎಲ್ಲ ಮತ್ತೆ ಮಾಡಬೇಕಾಗುತ್ತೆ.

ವರ್ಚುವಲ್ ಮಶೀನ್ (ಕಂಪ್ಯೂಟರಿನೊಳಗೇ ತಂತ್ರಾಂಶದಲ್ಲಿ ನಡೆಯುವ ಇನ್ನೊಂದು ಕಂಪ್ಯೂಟರ್) ಸಾಕು ಅಂತ ಹಲವರು ಹೇಳಿದರು. ಈ ಪಟ್ಟಿಗೆ ಅದು ಸಾಲದು. ಅದರಲ್ಲಿ ಬ್ಯಾಟರಿ ಇಲ್ಲ, ಚಾರ್ಜ್ ಮಿತಿಯ ಆಯ್ಕೆ ಕಾಣೋದೇ ಇಲ್ಲ. ನಿಜವಾದ ಲ್ಯಾಪ್‌ಟಾಪ್‌ಗಳಲ್ಲೂ ಎಲ್ಲದರಲ್ಲೂ ಅದು ಬರುವುದಿಲ್ಲ, ಹಾರ್ಡ್‌ವೇರ್ ಒಪ್ಪಬೇಕು. ನನ್ನ ಹಳೇ ಥಿಂಕ್‌ಪ್ಯಾಡ್ ಒಪ್ಪಿತು. ಅದರ ಮೇಲೆ ಗ್ನೋಮ್ 48 ಇರುವ ಫೆಡೋರಾ 42 ಅನ್ನೋ ಲಿನಕ್ಸ್‌ನ ಬಿಡುಗಡೆಗೆ ಮುಂಚಿನ ಪ್ರತಿ ಹಾಕಿಕೊಂಡೆ.

ವೆಲ್‌ಬೀಯಿಂಗ್ ಪುಟಕ್ಕೆ ಇನ್ನೊಂದು ಸೂಕ್ಷ್ಮ ಇತ್ತು. ಅಲ್ಲಿ ವಾರದ ಬಳಕೆ ಕಂಬಗಳ ಹಾಗೆ ಕಾಣುತ್ತೆ. ಹೊಸದಾಗಿ ಇನ್‌ಸ್ಟಾಲ್ ಮಾಡಿದ ಮಶೀನಿನಲ್ಲಿ ಆ ಜಾಗ ಖಾಲಿ ಖಾಲಿ. ಖಾಲಿ ಗ್ರಾಫ್ ತೋರಿಸಿದರೆ ಯಾರಿಗೆ ಏನು ಅರ್ಥ ಆದೀತು? ಹಾಗಾಗಿ ರೆಕಾರ್ಡಿಂಗ್‌ಗೂ ಮುಂಚೆ ಇಡೀ ವಾರ ಅದೇ ಲ್ಯಾಪ್‌ಟಾಪ್‌ನಲ್ಲೇ ನನ್ನ ದಿನದ ಕೆಲಸ ಎಲ್ಲ. ಭಾನುವಾರದ ಕಂಬ ಗಿಡ್ಡ, ಸೋಮವಾರದ್ದು ಉದ್ದ. ನೋಡಿದ ತಕ್ಷಣ ನಿಜ ಅನ್ನಿಸುವ ಗ್ರಾಫ್ ಬೇಕೆಂದರೆ ಬೇರೆ ದಾರಿ ಇಲ್ಲ.

ನೋಟಿಫಿಕೇಶನ್‌ಗೆ ತಂಗಿಯ ಸಹಾಯ ತಗೊಂಡೆ. ಏನು ಕಳಿಸಬೇಕು ಅಂತ ಚೀಟಿಯಲ್ಲಿ ಬರೆದುಕೊಟ್ಟಿದ್ದೆ: ‘ಅಣ್ಣಾ, ಹಾಲು ತಂದ್ಯಾ?’, ‘ಚಾರ್ಜರ್ ಎಲ್ಲಿಟ್ಟೆ?’, ‘ಅಮ್ಮ ಕರೀತಿದಾರೆ’. ಅವಳು ಪಕ್ಕದ ರೂಮಿನಿಂದ ಒಂದರ ಹಿಂದೊಂದು ಬಿಟ್ಟಳು. ಪರದೆ ಮೇಲೆ ಅವೆಲ್ಲ ಒಂದೇ ಗುಂಪಾಗಿ ಕೂತವು, ಮೇಲೆ ಕ್ಲಿಕ್ ಮಾಡಿದರೆ ಬಿಚ್ಚಿಕೊಂಡವು. ‘ಟೆಸ್ಟ್ 1, ಟೆಸ್ಟ್ 2’ ಅಂತ ಕಾಣುವ ಡೆಮೊಗಳನ್ನು ನೋಡಿದಾಗೆಲ್ಲ ನನಗೆ ಬೇಜಾರು. ಮನೆಯಲ್ಲಿ ಬರುವಂಥ ಮೆಸೇಜ್ ಇದ್ದರೆ ನೋಡುವವರು ತಾವೇ ನಗ್ತಾರೆ, ಸೌಲಭ್ಯ ಏನು ಅಂತಾನೂ ತಿಳಿಯುತ್ತೆ.

ರೆಕಾರ್ಡಿಂಗ್‌ಗೆ ಬೇರೆ ಯೂಸರ್ ಅಕೌಂಟ್ ಮಾಡಿ, ಅದರಲ್ಲಿ ನನ್ನ ಫೈಲು, ಮೇಲ್ ಒಂದೂ ಇಲ್ಲದಂತೆ ನೋಡಿಕೊಂಡೆ. ವೆಲ್‌ಬೀಯಿಂಗ್ ಪುಟ ಒಂದನ್ನು ಮಾತ್ರ ದಿನಬಳಕೆಯ ಅಕೌಂಟ್‌ನಿಂದ ತೆಗೆದದ್ದು. ಆಕ್ಸೆಸಿಬಿಲಿಟಿ ಸೆಟ್ಟಿಂಗ್‌ನಲ್ಲಿ ಅಕ್ಷರ, ಕರ್ಸರ್ ಎರಡನ್ನೂ ದೊಡ್ಡದು ಮಾಡಿದೆ. ಇಲ್ಲದಿದ್ದರೆ ಫೋನಿನಲ್ಲಿ ಕರ್ಸರ್ ಎಲ್ಲಿದೆ ಅಂತ ಹುಡುಕಬೇಕು. ಭಾಷೆಯನ್ನು ಕನ್ನಡಕ್ಕೆ ಬದಲಿಸಿಯೂ ನೋಡಿದೆ. ಅನುವಾದ ಅರ್ಧಂಬರ್ಧ ಇರೋದರಿಂದ ಒಂದೇ ಪುಟದಲ್ಲಿ ಎರಡು ಭಾಷೆ ಬೆರೆತು ಕಣ್ಣಿಗೆ ಕಿರಿಕಿರಿ. ಪರದೆ ಇಂಗ್ಲಿಷ್‌ನಲ್ಲೇ ಇರಲಿ, ಮಾತು ಕನ್ನಡದಲ್ಲಿರಲಿ ಅಂತ ಬಿಟ್ಟೆ. ರೆಕಾರ್ಡಿಂಗ್ ಓಬಿಎಸ್‌ನಲ್ಲಿ, ಎಡಿಟಿಂಗ್ ಕೆಡೆನ್‌ಲೈವ್‌ನಲ್ಲಿ.

ಸ್ಕ್ರಿಪ್ಟ್ ಅಂದ್ರೆ ಎರಡು ಕಾಲಂನ ಒಂದು ಹಾಳೆ. ಎಡಗಡೆ ಏನು ಕಾಣುತ್ತೆ, ಬಲಗಡೆ ಏನು ಕೇಳುತ್ತೆ. ಎಡಗಡೆ ತುಂಬಿದ ಮೇಲಷ್ಟೇ ಬಲಗಡೆ ಬರೆದೆ. ಬ್ಯಾಟರಿಯ ಸಾಲು ಹೀಗಿತ್ತು: ‘ಲ್ಯಾಪ್‌ಟಾಪ್ ಸದಾ ಚಾರ್ಜರಿಗೆ ಸಿಕ್ಕಿಸಿಯೇ ಇಡ್ತೀರಾ? ಇದನ್ನ ಆನ್ ಮಾಡಿ. ಎಂಬತ್ತರ ಹತ್ತಿರ ತಾನಾಗೇ ನಿಲ್ಲುತ್ತೆ.’ ಇಷ್ಟೇ. ಲಿಥಿಯಂ ಬ್ಯಾಟರಿ ಪೂರ್ತಿ ತುಂಬಿಕೊಂಡೇ ಇದ್ದರೆ ಯಾಕೆ ಬೇಗ ಸವೆಯುತ್ತೆ ಅನ್ನೋದು ಇನ್ನೊಂದು ವಿಡಿಯೊದ ಮಾತು.

ಇನ್ನು ಊರಿನ ಹೆಸರು. ವಿಧಾನಸೌಧ, ಮೆಟ್ರೊ, ಫಿಲ್ಟರ್ ಕಾಫಿ ಎಲ್ಲ ತುರುಕೋ ಆಸೆ ಯಾರಿಗಿಲ್ಲ? ಒಂದೂವರೆ ನಿಮಿಷದಲ್ಲಿ ಅದಕ್ಕೆ ಅರ್ಧ ನಿಮಿಷ ಕೊಟ್ಟರೆ ಅದು ಪ್ರವಾಸೋದ್ಯಮದ ಜಾಹೀರಾತು ಆಗುತ್ತೆ. ಇಂಕ್‌ಸ್ಕೇಪ್‌ನಲ್ಲಿ ಸಿಟಿ ಬಸ್ಸಿನ ಬೋರ್ಡ್ ಥರ ಒಂದು ಚಿತ್ರ ಬರೆದೆ, ಎಡಕ್ಕೆ ದಪ್ಪಗೆ ‘೪೮’, ಬಲಕ್ಕೆ ‘ಬೆಂಗಳೂರು’. ಅಕ್ಷರ ‘ಬಲೂ ತಮ್ಮ’ ಅನ್ನೋ ಕನ್ನಡ ಫಾಂಟಿನದು, ಅದರ ಲೈಸೆನ್ಸ್ ಮುಕ್ತ. ಆ ಬೋರ್ಡು ಪರದೆಗೆ ಬಂದು ಹೋಗುವ ಹೊತ್ತಿಗೆ ಊರಿನ ಮಾತು ಮುಗೀತು. ಒಂದೊಂದೇ ಅಕ್ಷರ ಟೈಪ್ ಆದಂತೆ ತೋರಿಸುವ ಎಫೆಕ್ಟ್ ಕನ್ನಡಕ್ಕೆ ಹಾಕಬೇಡಿ, ಒತ್ತಕ್ಷರ ಒಡೆದು ಅಸಹ್ಯವಾಗಿ ಕಾಣುತ್ತೆ.

ಸಂಗೀತದ ವಿಷಯದಲ್ಲಿ ಜಾಸ್ತಿ ಎಚ್ಚರ ಬೇಕು. ದಾಸರ ಪದ ಯಾರ ಆಸ್ತಿಯೂ ಅಲ್ಲ ಸರಿ, ಆದರೆ ಯಾರೋ ಹಾಡಿದ ರೆಕಾರ್ಡಿಂಗ್‌ಗೆ ಹಕ್ಕು ಇರುತ್ತೆ. ನಮ್ಮ ದೇಶದಲ್ಲಿ ಅದು 60 ವರ್ಷ. ಗೆಳೆಯನೊಬ್ಬ ಮೃದಂಗದಲ್ಲಿ ಒಂದು ಚಿಕ್ಕ ನಡೆ ನುಡಿಸಿಕೊಟ್ಟ. ಕ್ರಿಯೇಟಿವ್ ಕಾಮನ್ಸ್ ಲೈಸೆನ್ಸ್‌ನಲ್ಲಿ ಬಳಸಬಹುದು ಅಂತ ಅವನ ಕೈಲಿ ಬರೆಸಿಕೊಂಡೆ. ಗೆಳೆತನ ಬೇರೆ, ಕಾಗದ ಬೇರೆ. ಗ್ನೋಮ್‌ನ ಹೆಜ್ಜೆ ಗುರುತಿನ ಲೋಗೊ ಟ್ರೇಡ್‌ಮಾರ್ಕ್ ಆದ್ದರಿಂದ, ಇದು ಅಧಿಕೃತ ವಿಡಿಯೊ ಅಲ್ಲ ಅನ್ನೋದನ್ನ ವಿವರಣೆಯಲ್ಲಿ ಮೊದಲ ಸಾಲಿಗೇ ಹಾಕಿದೆ.

ವಿಡಿಯೊ ನೋಡಿದವರು ಕೇಳುವ ಮೊದಲ ಪ್ರಶ್ನೆ ‘ನನಗೆ ಯಾವಾಗ ಸಿಗುತ್ತೆ?’ ಅಂತ. ಮಾರ್ಚ್ 19ಕ್ಕೆ ಬಿಡುಗಡೆ ಆದ್ರೂ ಅವತ್ತೇ ಯಾರ ಉಬುಂಟುವಿಗೂ ಅದು ಬರೋದಿಲ್ಲ. 24.04ರಲ್ಲಿ ಇರುವವರಿಗೆ ಅಪ್‌ಡೇಟ್ ಒತ್ತಿದರೂ 46 ಹೋಗಿ 48 ಬರಲ್ಲ. ಅದಕ್ಕೇ ಕೊನೆಯ ಹತ್ತು ಸೆಕೆಂಡು ಪೂರ್ತಿ ಇದಕ್ಕೇ ಮೀಸಲು: 2025ರ ಏಪ್ರಿಲ್‌ನಲ್ಲಿ ಬರಲಿದ್ದ ಫೆಡೋರಾ 42, ಉಬುಂಟು 25.04, ಇವುಗಳಲ್ಲಿ ಸಿಗುತ್ತೆ, ಉಬುಂಟುವಿನಲ್ಲಿ ಪಕ್ಕದ ಡಾಕ್ (ಆ್ಯಪ್‌ಗಳ ಸಾಲು), ಬಣ್ಣ ಸ್ವಲ್ಪ ಬೇರೆ ಇರುತ್ತೆ. ಲ್ಯಾಬ್‌ಗೆ ಎಲ್‌ಟಿಎಸ್ಸೇ (24.04ರಂತೆ ವರ್ಷಗಟ್ಟಲೆ ಅಪ್‌ಡೇಟ್ ಸಿಗುವ ಆವೃತ್ತಿ) ವಾಸಿ ಅಂತಲೂ ಸೇರಿಸಿದೆ.

ಪರದೆ ಮೇಲಿನ ಬರಹ, ಧ್ವನಿ, ಸಂಗೀತ ಮೂರನ್ನೂ ಕೆಡೆನ್‌ಲೈವ್‌ನಲ್ಲಿ ಬೇರೆ ಬೇರೆ ಟ್ರ್ಯಾಕ್‌ನಲ್ಲಿ ಇಟ್ಟಿದ್ದೆ. ಪ್ರಾಜೆಕ್ಟ್ ಫೈಲು, ಸಬ್‌ಟೈಟಲ್ ಫೈಲು ಎರಡನ್ನೂ ವಿಡಿಯೊ ಜೊತೆಗೇ ಹಂಚಿದೆ. ತುಳುವಿನಲ್ಲೋ ಕೊಂಕಣಿಯಲ್ಲೋ ಮಾಡುವವರು ಧ್ವನಿ ಬದಲಿಸಿ ಬರಹ ತಿದ್ದಿಕೊಂಡರೆ ಆಯ್ತು, ರೆಕಾರ್ಡಿಂಗ್ ಮತ್ತೆ ಮಾಡಬೇಕಿಲ್ಲ.